ಬಣ್ಣ ಹಚ್ಚಿದಾಗಷ್ಟೇ ಮಾತು

ಸಿ.ಎಸ್. ಪುರದ ರಾಮಾಂಜಿನಯ್ಯನವರು ಸೊಸೈಟಿಯಲ್ಲಿ ಗುಮಾಸ್ತರು. ಆದರೆ ಗುಬ್ಬಿ ಸೀಮೆಯಲ್ಲಿ 'ಅರಸನ ಪಾರ್ಟಿನ ರಾಮಾಂಜಿನಯ್ಯ' ಎಂದರೇ ಜನಕ್ಕೆ ಗೊತ್ತಾಗುವುದು. ನಾಟಕದಲ್ಲಿ, ಇಟ್ಟ ಆಣೆಗೆ ಕಟ್ಟುಬಿದ್ದು ಒಡಹುಟ್ಟಿದವನನ್ನೇ ನಾಡಿನಿಂದ ಓಡಿಸುವ ಅರಸನ ಪಾರ್ಟು ಅದು. ತಮ್ಮನ ಪಾರ್ಟು ಅವರ ಸ್ವಂತ ತಮ್ಮ ಜಯಪ್ರಕಾಶನದೇ.

"ಅರಸ ಕೆಟ್ಟೋನಲ್ಲ ಕಣ್ರಯ್ಯ, ಮಾತಿಗೆ ಸಿಕ್ಕಾಕ್ಕೊಂಡೋನು," ಎಂದು ತಾಲೀಮಿನಲ್ಲಿ ಎಲ್ಲರಿಗೂ ಹೇಳಿಕೊಡುತ್ತಿದ್ದರು. ಹೇಳುವುದು ಸುಲಭ.

ತೊಂಬತ್ತೈದರಲ್ಲಿ ತೆಂಗಿನ ತೋಟ ಭಾಗವಾದಾಗ ಬಾವಿ ತಮ್ಮನ ಪಾಲಿಗೆ ಹೋಯಿತು. ಮಾತಿಗೆ ಮಾತು ಬೆಳೆಯಿತು. ರಾಮಾಂಜಿನಯ್ಯನವರು ನಾಲ್ಕು ಜನರೆದುರು, "ಇನ್ಮೇಲೆ ನಿನ್ ಹತ್ರ ಮಾತಾಡಿದ್ರೆ ನಮ್ಮವ್ವನ ಆಣೆ," ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಟಕ ಮಾತ್ರ ನಿಲ್ಲಲಿಲ್ಲ. ಬಣ್ಣ ಹಚ್ಚಿದಾಗ "ಅನುಜಾ" ಎಂದು ಅಪ್ಪಿಕೊಳ್ಳುವವರು, ಬಣ್ಣ ತೊಳೆದ ಮೇಲೆ ಒಂದೇ ಬಸ್ಸಿನಲ್ಲಿ ಮುಂದೊಬ್ಬರು ಹಿಂದೊಬ್ಬರು ಕೂತು ಬರುತ್ತಿದ್ದರು. ಊರವರಿಗೆ ಅದೇ ಇನ್ನೊಂದು ನಾಟಕ.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ತುಮಕೂರಿನಲ್ಲಿ ಹಗಲು ನಾಟಕವಿತ್ತು. ತಲೆಯೆತ್ತಿ ಹೊರಟುಹೋಗಬೇಕಾದ ದೃಶ್ಯದಲ್ಲಿ ಜಯಪ್ರಕಾಶ ಅಣ್ಣನ ಕಾಲು ಹಿಡಿದ. ಮೈಕಿಗೆ ಕೇಳದಂತೆ, "ಸಾಕು ಕಣಣ್ಣ. ಮನೇಗ್ ಬಾ," ಎಂದ. ರಾಮಾಂಜಿನಯ್ಯನವರು ಅರ್ಧ ಬಗ್ಗಿದರು. ಎತ್ತಿ ಅಪ್ಪಿಕೊಂಡರೆ ನಾಟಕವೂ ಕೆಡುತ್ತದೆ, ಆಣೆಯೂ ಕೆಡುತ್ತದೆ. ಮುಖ ತಿರುಗಿಸಿ, "ಎಳೆದೊಯ್ಯಿರಿ ಇವನನ್ನು," ಎಂದು ಗುಡುಗಿದರು. ಮುಂದಿನ ಸಾಲಿನಿಂದ 'ಒನ್ಸ್ ಮೋರ್' ಎಂಬ ಕೂಗು ಎದ್ದಿತು. ಹಾಗೆ ಕೂಗಿದರೆ ಆಡಿದ್ದನ್ನೇ ಮತ್ತೆ ಆಡಬೇಕು, ಅದು ನಮ್ಮ ಕಡೆಯ ನಾಟಕದ ರಿವಾಜು. ತಮ್ಮ ಮತ್ತೆ ಕಾಲು ಹಿಡಿದು ಅದೇ ಮಾತು ಹೇಳಿದ. ಅಣ್ಣ ಮತ್ತೆ ಗುಡುಗಿದರು, ಮೊದಲಿಗಿಂತ ಜೋರಾಗಿ. ಚಪ್ಪಾಳೆಯ ರುಚಿ ಬಲು ಕೆಟ್ಟದ್ದು.

ಅವರು ಬಣ್ಣ ತೊಳೆಯುವಷ್ಟರಲ್ಲಿ ಜಯಪ್ರಕಾಶ ಬಸ್ಸು ಹತ್ತಿದ್ದ. ನಾಳೆ ಮಾತಾಡಿದರಾಯಿತು ಎಂದುಕೊಂಡರು. ಹಿರಿಯ ನಾನು, ನಾನೇ ಯಾಕೆ ಹೋಗಲಿ ಎಂದೂ ಅಂದುಕೊಂಡರು. ಶ್ರಾವಣ ಬರುವ ಮೊದಲೇ, ತೋಟದಲ್ಲಿ ಎದೆನೋವೆಂದು ಕುಳಿತ ತಮ್ಮ ಮತ್ತೆ ಏಳಲಿಲ್ಲ.

ತಿಥಿಯ ದಿನ ರಾಮಾಂಜಿನಯ್ಯನವರು ತಮ್ಮನ ಮನೆಯ ಹೊಸ್ತಿಲು ದಾಟಿದರು. ತಡವಾಗಿತ್ತು, ಅದು ಅವರಿಗೂ ಗೊತ್ತಿತ್ತು. ತಮ್ಮನ ಹೆಂಡತಿ ಬಿಂದುಶ್ರೀಗೆ, "ಅವತ್ತು ಎರಡನೇ ಸಲಕ್ಕೆ ನನ್ನ ಮನಸ್ಸು ಕರಗಿತ್ತು ಕಣಮ್ಮ. ಜನ ಕೂಗ್ತಿದ್ರಲ್ಲ, ಏನ್ಮಾಡ್ಲಿ," ಎಂದರು.

ಅವಳು ತಲೆ ಎತ್ತಲಿಲ್ಲ.

"ಜನ ಸುಮ್ನೆ ಕೂಗ್ಲಿಲ್ಲ ಭಾವ. 'ಒಂದೇ ಸಲಕ್ಕೆ ನಮ್ಮಣ್ಣನ ಕೈಲಿ ಆಗಲ್ಲ, ಇನ್ನೊಂದ್ಸಲ ಕೇಳಿದ್ರೆ ಬಂದೇ ಬರ್ತಾನೆ' ಅಂತ ಅವ್ರೇ ಸ್ನೇಹಿತ್ರಿಗೆ ಹೇಳಿ ಕೂಗ್ಸಿದ್ರು."