ಅಮ್ಮ ಕೇಳಿದ ಬಿಳಿ ಮಾತ್ರೆ

ಎಂಬತ್ತರ ದಶಕದಲ್ಲಿ ನನಗೆ ಲೂಪಸ್ ಎಂಬ ಕಾಯಿಲೆ ಅಂಟಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ರೋಗವಂತೆ. ಹಡಗಲಿಯ ನಮ್ಮ ಓಣಿಯಲ್ಲಿ ಆ ಹೆಸರು ಯಾರ ನಾಲಿಗೆಗೂ ಒಗ್ಗಲಿಲ್ಲ. ಡಾಕ್ಟರು ಬಳ್ಳಾರಿಯವರಾದ್ದರಿಂದ ಎಲ್ಲರೂ "ಬಳ್ಳಾರಿ ಬ್ಯಾನಿ" ಎಂದರು. ಡಾಕ್ಟರು ಕೊಟ್ಟ ಸಣ್ಣ ಬಿಳಿ ಮಾತ್ರೆ ನುಂಗಿ ನುಂಗಿ ನನ್ನ ಮುಖ ಪೂರಿಯಂತೆ ಊದಿತ್ತು. ಆದರೂ ಅದನ್ನು ಥಟ್ಟನೆ ನಿಲ್ಲಿಸಬಾರದು, ಜೀವಕ್ಕೆ ಅಪಾಯ ಎಂದು ಹೆದರಿಸಿದ್ದರು. ಆಮೇಲೆ ಜೊತೆಗೊಂದು ಹಳದಿ ಮಾತ್ರೆಯನ್ನೂ ಸೇರಿಸಿದರು.

ಹಳದಿ ಮಾತ್ರೆ ಶುರುವಾದ ಕೆಲವೇ ದಿನಕ್ಕೆ ಜ್ವರ, ಮೈತುಂಬ ಕೆಂಪು ಗುಳ್ಳೆ. ಅತ್ತೆ ನೋಡಿದವರೇ ಕೈಮುಗಿದು, "ಅಮ್ಮ ಬಂದಾಳ" ಎಂದರು. ನಮ್ಮ ಕಡೆ ಜ್ವರದ ಜೊತೆ ಗುಳ್ಳೆ ಎದ್ದರೆ ದೇವಿ ಮೈಗೆ ಬಂದಂತೆ. ಬಾಗಿಲಿಗೆ ಬೇವಿನ ಸೊಪ್ಪು ಬಂತು, ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಔಷಧ ಮುಟ್ಟುವಂತಿಲ್ಲವಲ್ಲ, ಎರಡೂ ಮಾತ್ರೆ ದೇವರ ಗೂಡು ಸೇರಿದವು.

"ಅತ್ತಿ, ಬಿಳಿ ಮಾತ್ರಿ ಬಿಟ್ರ ನಾ ಸಾಯ್ತೀನಿ."

"ನುಂಗಿದ್ರ ಅಮ್ಮ ಸಿಟ್ಟಾಗ್ತಾಳ. ಸುಮ್ನ ಮಕ್ಕೋ."

ನನ್ನ ಗಂಡ ಮೇಷ್ಟ್ರು, ಶಾಲೆಯಲ್ಲಿ ಬಾಯಿ ಜೋರು. ತಾಯಿಯ ಎದುರು ಚಪ್ಪಲಿ ಹುಡುಕಿಕೊಂಡು ಹೊರನಡೆದರು.

ಮರುದಿನ ಬೆಳಿಗ್ಗೆ ಕೈಕಾಲು ಸೋತವು. ನನಗೆ ನಿಜಕ್ಕೂ ಜೀವಭಯವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಅಮ್ಮ ಬಂದ ಮೈ ಏನು ಕೇಳಿದರೂ ಅದು ಅಮ್ಮನೇ ಕೇಳಿದಂತೆ, ಕೊಡಲೇಬೇಕು. ಎದ್ದು ಕೂತು, ಕೂದಲು ಬಿಚ್ಚಿ, ಕಣ್ಣು ದೊಡ್ಡದು ಮಾಡಿ, "ನನಗ ಬಿಳಿ ಮಾತ್ರಿ ಬೇಕು" ಎಂದೆ.

ಅತ್ತೆ ದೇವರ ಗೂಡಿನಿಂದ ಎರಡೂ ಮಾತ್ರೆ ತಂದರು. "ಹಳದೀದು ಬ್ಯಾಡೇನವ್ವಾ ತಾಯಿ?"

"ಬ್ಯಾಡ." ಗುಳ್ಳೆ ಅದರದ್ದೇ ಎಂಬ ಗುಮಾನಿ ನನಗಿತ್ತು.

ಕುಂಕುಮ ಹಚ್ಚಿದ ತಟ್ಟೆಯಲ್ಲಿ ಮೊಸರನ್ನ, ಪಕ್ಕದಲ್ಲಿ ಬಿಳಿ ಮಾತ್ರೆ. ಅತ್ತೆ ಕೈಮುಗಿದು ಕೊಟ್ಟರು, ನಾನು ಗತ್ತಿನಿಂದ ನುಂಗಿದೆ. ದಿನಾ ಇದೇ ನಡೆಯಿತು. ಸಲಿಗೆ ಹೆಚ್ಚಾಗಿ ಒಮ್ಮೆ ಮಿರ್ಚಿ ಕೇಳಿದೆ. "ಅಮ್ಮ ಕರಿದದ್ದು ತಿನ್ನಂಗಿಲ್ಲ" ಎಂದು ಹೋಗಿಬಿಟ್ಟರು.

ಗುಳ್ಳೆ ಮಾಯವಾದ ಮೇಲೆ ಬಳ್ಳಾರಿಗೆ ಹೋದೆವು. ಹಳದಿ ಮಾತ್ರೆ ನನ್ನ ಮೈಗೆ ಆಗಿಬಂದಿಲ್ಲ, ಗುಳ್ಳೆ ಎಬ್ಬಿಸಿದ್ದು ಅದೇ ಎಂದರು ಡಾಕ್ಟರು. ಬಿಳಿಯದನ್ನೂ ಬಿಟ್ಟಿದ್ದರೆ ನಾನು ಉಳಿಯುತ್ತಿದ್ದುದು ಅನುಮಾನ ಎಂದೂ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. "ಅವತ್ತು ಮಾತ್ರಿ ಕೇಳಿದಾಕಿ ನೀನ ಅಂತ ನನಗ ಗೊತ್ತಿತ್ತು" ಎಂದರು.

"ಮತ್ತ ಕೈ ಯಾಕ ಮುಗಿದ್ರಿ?"

"ಸೊಸಿ ಕೇಳಿದ್ಲಂತ ಕೊಟ್ರ ಅಮ್ಮ ನಿನ್ನ ಬಿಡ್ತಿದ್ಲೇನು? ತಾನ ಕೇಳಿ ಇಸ್ಕೊಂಡಾಳ ಅಂದಮ್ಯಾಲೆ ಏನೂ ಅನ್ನಂಗಿಲ್ಲ."