ಸರ್ವಮಂಗಳಮ್ಮನ ಮೇಲಿನ ಸ

ಕುಣಿಗಲ್‌ನ ಸರ್ವಮಂಗಳಮ್ಮನಿಂದ ಭೇಷ್ ಅನ್ನಿಸಿಕೊಂಡವರು ಆ ಊರಿನಲ್ಲಿ ಯಾರೂ ಇದ್ದಂತಿಲ್ಲ. ತುಮಕೂರಿನ ಹೋಟೆಲ್ ಕಾಫಿ ಅವರ ಪಾಲಿಗೆ ಲೋಟ ತೊಳೆದ ನೀರು. ಟಿವಿಯಲ್ಲಿ ಹಾಡುವ ಮಕ್ಕಳೆಲ್ಲ ಕಿರುಚುಗಂಟಲಿನವರು. ಪಕ್ಕದ ಬೀದಿಯ ಭಜನಾ ಮಂಡಳಿಯವರು ಶುರು ಮಾಡಿದರೆ ಕಿಟಕಿ ಹಾಕಿ, "ಪಾಪ, ಯಾರನ್ನೋ ಹೊಡೀತಾವ್ರೆ, ಹೋಗಿ ಬಿಡಿಸ್ಬಾರ್ದಾ" ಎಂದು ಗಂಡನನ್ನು ಕೇಳುವವರು. ಈ ಲೋಕದಲ್ಲಿ ಅವರಿಗೆ ಪೂರ್ತಿ ಒಪ್ಪಿಗೆಯಾಗಿದ್ದ ವಸ್ತು ಒಂದೇ, ಅದು ಅವರ ಸ್ವಂತ ಗಂಟಲು.

ಆ ಗಂಟಲನ್ನು ನಂಬಿಕೊಂಡು ಒಂದು ಮಹಿಳಾ ಭಜನಾ ಮಂಡಳಿ ಬಹಳ ವರ್ಷದಿಂದ ನಡೆಯುತ್ತಿತ್ತು. ಅಲ್ಲಿಯ ಪದ್ಧತಿ ಸರಳ. ಅಮ್ಮ ಒಂದು ಸಾಲು ಹೇಳುತ್ತಾರೆ, ಮಿಕ್ಕವರು ಅದನ್ನೇ ಹಿಂದೆ ಹೇಳುತ್ತಾರೆ. ಅಮ್ಮ ಎಳೆದ ಕಡೆ ಎಳೆಯಬೇಕು, ನಿಲ್ಲಿಸಿದ ಕಡೆ ನಿಲ್ಲಿಸಬೇಕು. ಹೊಸದಾಗಿ ಸೇರಿದವಳಿಗೆ ಮೊದಲನೇ ದಿನವೇ ಉಪದೇಶ ಆಗುತ್ತಿತ್ತು: "ನಿನ್ನ ದನಿ ನಿಂಗೇ ಕೇಳಿಸ್ಬಾರ್ದು ಕಣೇ. ನನ್ನ ದನಿಯೊಳಗೆ ಕರಗಿ ಹೋಗ್ಬೇಕು." ಹೆಂಗಸರು ಚೆನ್ನಾಗಿಯೇ ಕರಗಿದ್ದರು. ಸಾರಿಗೆ ಎಷ್ಟು ಹುಳಿ ಹಿಂಡಬೇಕೆಂದು ಮನೆಯಲ್ಲಿ ಗಂಡನ ಜೊತೆ ವಾದಕ್ಕಿಳಿಯುವವರೂ ಇಲ್ಲಿ ಬಂದು ಕಣ್ಣು ಮುಚ್ಚಿ ಅಮ್ಮನ ಹಿಂದೆ ಹೋಗುತ್ತಿದ್ದರು.

ಹೀಗಿರುವಾಗ, ವರ್ಷ ವರ್ಷ ಈ ಮಂಡಳಿಯನ್ನು ಹಾಡಲು ಕರೆಸುವ ತುಮಕೂರಿನ ಬಸವ ಜಯಂತಿ ಸಮಿತಿಯ ಕಾರ್ಯದರ್ಶಿ ಕಿರಣ್‌ಕುಮಾರ್ ಬಾಯಿ ಬಿಟ್ಟ. ಅವನದು ಟೈಲ್ಸ್ ಅಂಗಡಿ. ಸಂಗೀತಕ್ಕೂ ಅವನಿಗೂ ಇರುವ ನಂಟೆಂದರೆ ಕಾರ್ಯಕ್ರಮದಲ್ಲಿ ಮೈಕ್ ತಟ್ಟಿ ನೋಡುವುದು. ಅಂಥವನು ಸಭೆಯಲ್ಲಿ, "ಅಮ್ಮಾವ್ರಿಗೆ ವಯಸ್ಸಾಯ್ತು, ಕಂಠ ದಣಿದಿದೆ, ಮುಂದಿನ ವರ್ಷದಿಂದ ಬೇರೆ ಯಾರಾದ್ರೂ ಮುಂದೆ ಕೂತ್ಕೊಳ್ಲಿ" ಎಂದನಂತೆ. ಸುದ್ದಿ ತಂದವರು ಪ್ರೇಮಲತಾ, ಮಂಡಳಿ ಹುಟ್ಟಿದಾಗಿನಿಂದ ಅಮ್ಮನ ಪಕ್ಕ ಕೂರುವ ಗೆಳತಿ. ಸರ್ವಮಂಗಳಮ್ಮನಿಗೆ ರಾತ್ರಿಯ ಊಟ ಇಳಿಯಲಿಲ್ಲ.

"ನನ್ನ ಮೇಲಿನ ಸ ಇವತ್ತಿಗೂ ಕಂಬದ ಹಾಗೆ ನಿಲ್ಲುತ್ತೆ. ನೀನೇ ಹೇಳು ಪ್ರೇಮಾ, ಎಲ್ಲಾದ್ರೂ ಅಲ್ಲಾಡುತ್ತಾ?"

"ಎಲ್ಲಿ ಬಂತು ಮಂಗಳಕ್ಕ. ನಿಮ್ಮ ಸ, ನಮ್ಮೆಲ್ಲರ ಸ ಒಂದೇ ಕಡೆ ಕೂತ್ಕೊಳ್ಳುತ್ತೆ. ಒಂದು ಚೂರೂ ಆಚೀಚೆ ಇಲ್ಲ."

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅಷ್ಟು ಜನರ ದನಿ ತನ್ನ ದನಿಗೆ ಸೇರುತ್ತಿದೆ ಎಂದ ಮೇಲೆ ತನ್ನದು ಸರಿ ಇರಲೇಬೇಕು. ಸರ್ವಮಂಗಳಮ್ಮ ನೆಮ್ಮದಿಯಾದರು.

ಆದರೆ ಆ ನೆಮ್ಮದಿಯನ್ನು ಕೆಡಿಸಲು ದೀಪಿಕಾ ಬಂದಳು. ಗುಬ್ಬಿಯ ಹುಡುಗಿ, ಕುಣಿಗಲ್‌ನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮ್ಯೂಸಿಕ್ ಟೀಚರ್, ಮಂಡಳಿಗೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಎಲ್ಲರೂ 'ಅಮ್ಮ' ಅನ್ನುವ ಕಡೆ ಇವಳು 'ಆಂಟಿ' ಅನ್ನುತ್ತಿದ್ದಳು, ಅದೇ ಮೊದಲ ಅಪರಾಧ. ಎರಡನೆಯದು, ಈ ಸಲದ ಜಯಂತಿಗೆ ಒಂದು ವಚನವನ್ನು ಹಾರ್ಮನಿಯಲ್ಲಿ ಹಾಡೋಣ ಎಂದಿದ್ದು. ಒಂದು ಗುಂಪು ರಾಗ ಹಾಡುತ್ತದಂತೆ, ಅದೇ ಹೊತ್ತಿಗೆ ಇನ್ನೊಂದು ಗುಂಪು ಬೇರೆ ಸ್ವರ, ಮತ್ತೊಂದು ಗುಂಪು ಇನ್ನೂ ಬೇರೆ ಸ್ವರ.

"ಎಲ್ರೂ ಒಟ್ಟಿಗೆ ಕೂತು ಬೇರೆ ಬೇರೆ ಹಾಡೋದಾ? ಅದು ನಮ್ಮನೇಲಿ ದಿನಾ ಬೆಳಗ್ಗೆ ನಡೆಯುತ್ತೆ" ಎಂದರು ಸರ್ವಮಂಗಳಮ್ಮ. ಹೆಂಗಸರು ನಕ್ಕರು. ನಕ್ಕ ಮೇಲೆ, ಹೊಸದೇನೋ ಇದೆ ನೋಡೋಣ ಎಂದು ದೀಪಿಕಾಗೆ ಒಪ್ಪಿಗೆಯನ್ನೂ ಕೊಟ್ಟರು. ಕಿರಣ್‌ಕುಮಾರನಿಗಂತೂ ಹಿಗ್ಗೋ ಹಿಗ್ಗು, ಕರಪತ್ರದಲ್ಲಿ 'ವೆಸ್ಟರ್ನ್' ಎಂದು ಅಚ್ಚು ಹಾಕಿಸಬಹುದಲ್ಲ.

ಸುಮ್ಮನೆ ಬೈದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಕಲಿತುಕೊಂಡು ಬೈದರೆ ಯಾರೂ ಉಸಿರೆತ್ತುವ ಹಾಗಿಲ್ಲ. ಸರ್ವಮಂಗಳಮ್ಮ ಆ ವಿದ್ಯೆಯ ಹುಳುಕನ್ನು ಬೇರಿನಿಂದಲೇ ಹುಡುಕಿ ತೆಗೆಯುವುದೆಂದು ತೀರ್ಮಾನಿಸಿದರು. ಮನೆಯಲ್ಲಿ ಮಂಡಿನೋವಿನ ಫಿಸಿಯೋಥೆರಪಿ ಎಂದು ಹೇಳಿ, ಭಾನುವಾರ ಭಾನುವಾರ ತುಮಕೂರಿನ ಬಸ್ಸು ಹತ್ತಿದರು. ಎಸ್.ಎಸ್. ಪುರಂನಲ್ಲಿ ಬೇಕರಿಯೊಂದರ ಮೇಲೆ ಗುರುಪ್ರಕಾಶ್ ಎಂಬಾತ ಕೀಬೋರ್ಡ್ ಕ್ಲಾಸ್ ನಡೆಸುತ್ತಿದ್ದ. ಮೊದಲು ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವನು, ಈಗ ಮಕ್ಕಳನ್ನು ಗ್ರೇಡ್ ಪರೀಕ್ಷೆಗೆ ಕಟ್ಟಿಸುತ್ತಾನೆ. ಆ ಮಕ್ಕಳ ತಾಯಂದಿರು ಹೊರಗಿನ ಬೆಂಚಿನಲ್ಲಿ ಕೂತು ಯಾರ ಮಗು ಯಾವ ಗ್ರೇಡು ಎಂದು ಸ್ಪರ್ಧೆ ನಡೆಸುತ್ತಾರೆ, ಒಳಗೆ ಏನು ನುಡಿಯುತ್ತಿದೆ ಎಂದು ಒಬ್ಬಳೂ ಕಿವಿಗೊಡುವುದಿಲ್ಲ. ಕೆಳಗಿನಿಂದ ಪಫ್ಸ್ ವಾಸನೆ, ಮೇಲೆ ಈ ಗದ್ದಲ. ವಿದ್ಯೆ ಕಲಿಯುವ ಜಾಗವೇ ಇದು ಎಂದುಕೊಂಡರು ಸರ್ವಮಂಗಳಮ್ಮ.

ಗುರುಪ್ರಕಾಶ್ ಒಳ್ಳೆಯವನು. ಮೂರು ಸ್ವರ ಒಟ್ಟಿಗೆ ಒತ್ತಿದರೆ ಅದಕ್ಕೆ ಕಾರ್ಡ್ ಎಂದು ಹೆಸರು ಎಂದು ತೋರಿಸಿದ.

"ಮೇಡಂ, ಇದು ಸ-ಗ-ಪ. ಇದು ಮನೆ ಅಂದ್ಕೊಳಿ. ಇಲ್ಲಿಂದ ಮ-ದ-ಸ ಕಡೆಗೆ ಹೋಗ್ತೀವಿ. ಆಮೇಲೆ ಪ-ನಿ-ರಿ. ಅಲ್ಲಿ ನಿಂತ್ರೆ ಮನಸ್ಸು ಮನೆ ಕಡೆ ಎಳೆಯುತ್ತೆ. ವಾಪಸ್ ಸ-ಗ-ಪ. ಬುನಾದಿ ಇಷ್ಟೇ."

"ಮನೇಲಿ ಸುಖವಾಗಿರೋರು ಆಚೆ ಯಾಕ್ರೀ ಹೋಗ್ಬೇಕು?"

"ವಾಪಸ್ ಬಂದಾಗ ಚೆನ್ನಾಗಿರುತ್ತಲ್ಲ ಮೇಡಂ, ಅದಕ್ಕೆ."

ಸರ್ವಮಂಗಳಮ್ಮ ಮನೆಗೆ ಬಂದು ಮೊಮ್ಮಗಳ ಪುಟ್ಟ ಕೀಬೋರ್ಡ್ ಎಳೆದುಕೊಂಡರು. ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಹಾಕಿ, ಕಾರ್ಡ್ ಒತ್ತಿದರು. ಸ-ಗ-ಪ ಪರವಾಗಿಲ್ಲ. ಮ-ದ-ಸ ಕೂಡ ಸಹಿಸಬಹುದು. ಪ-ನಿ-ರಿ ಒತ್ತಿದ ಕೂಡಲೇ ನಿಷಾದವೂ ಶ್ರುತಿಯ ಷಡ್ಜವೂ ಜಡೆ ಹಿಡಿದುಕೊಂಡವು. ಹಲ್ಲು ಜುಮ್ಮೆಂದಿತು. ಹುಳುಕು ಸಿಕ್ಕಿತು ಎಂದು ಅವರಿಗೆ ವಾರವಿಡೀ ಸಂತೋಷ. ಮುಂದಿನ ಭಾನುವಾರ ಕ್ಲಾಸಿನಲ್ಲಿ ಎದೆ ಸೆಟೆಸಿಕೊಂಡು, ನಿಮ್ಮ ವಿದ್ಯೆಯಲ್ಲೇ ತೂತಿದೆ ಎಂದರು. ತೋರಿಸಿ ಎಂದ ಗುರುಪ್ರಕಾಶ್. ಇವರು ಅಭ್ಯಾಸಬಲದಿಂದ ಮೊದಲು ಮೊಬೈಲ್ ತೆಗೆದು ಶ್ರುತಿ ಹಾಕಿದರು. ಅವನಿಗೆ ನಗು ತಡೆಯಲಾಗಲಿಲ್ಲ.

"ಶ್ರುತಿ ಆಫ್ ಮಾಡಿ ಮೇಡಂ. ಸ ಒಂದೇ ಸಮ ಕೂಗ್ತಾ ಕೂತ್ರೆ ಇವು ಮನೆ ಬಿಟ್ಟು ಎಲ್ಲಿಗೆ ಹೋಗ್ತವೆ?"

ಶ್ರುತಿ ಇಲ್ಲದೆ ಅವರು ಜನ್ಮದಲ್ಲಿ ಒಂದು ಸ್ವರ ನುಡಿದವರಲ್ಲ. ದೇವರ ಮುಂದಿನ ದೀಪ ಆರಿಸುವಷ್ಟೇ ಅಳುಕುತ್ತ ಆಫ್ ಮಾಡಿದರು. ಆಮೇಲೆ ಗುರುಪ್ರಕಾಶ್ ಅದೇ ಮೂರು ಕಾರ್ಡ್ ನುಡಿಸಿದ. ಪ-ನಿ-ರಿ ಮುಗಿದು ಸ-ಗ-ಪ ಬಂದಾಗ ಸರ್ವಮಂಗಳಮ್ಮನಿಗೆ, ಚಪ್ಪಲಿ ಬಿಟ್ಟು ತಣ್ಣನೆಯ ನೆಲದ ಮೇಲೆ ಕಾಲಿಟ್ಟ ಹಾಗಾಯಿತು. ಅದು ಅವರಿಗೆ ಇಷ್ಟವಾಯಿತು. ಇಷ್ಟವಾಯಿತಲ್ಲ ಎಂದು ಸಿಟ್ಟೂ ಬಂತು.

"ಸಿನಿಮಾದಲ್ಲಿ ಹಾಕ್ತಾರೆ ಇಂಥದ್ದು" ಎಂದು ಹೇಳಿ ಎದ್ದು ಬಂದರು.

ಮತ್ತೊಂದು ವಾರ ಗಾಂಧಾರದ ಪಾಠ. ಸ-ಗ-ಪದಲ್ಲಿ ಗ ತೆಗೆದುಬಿಟ್ಟರೆ ಕಾರ್ಡಿಗೆ ಮುಖವೇ ಇರುವುದಿಲ್ಲ, ನಗುತ್ತಿದೆಯೋ ಅಳುತ್ತಿದೆಯೋ ತಿಳಿಯುವುದಿಲ್ಲ ಎಂದ. ಕಣ್ಣು ಮುಚ್ಚಿಸಿ, ಒಮ್ಮೆ ಗ ಇಟ್ಟು, ಒಮ್ಮೆ ತೆಗೆದು, ಗುರುತು ಹಿಡಿಯಿರಿ ಎಂದ. ಪಕ್ಕದ ಮಕ್ಕಳು ತಪ್ಪುತ್ತಿದ್ದರು. ಇವರು ತಪ್ಪುತ್ತಿರಲಿಲ್ಲ. ಒಟ್ಟಿಗೆ ನುಡಿಯುವ ಸ್ವರಗಳನ್ನು ಬಿಡಿಬಿಡಿಯಾಗಿ ಕೇಳುವುದು ಅವರಿಗೆ ಒಲಿದುಬಿಟ್ಟಿತು. ಬೈಯಲು ಹೋದವರು ಬಸ್ಸಿನ ಹಾರ್ನಿನಲ್ಲೂ ಎಷ್ಟು ಸ್ವರ ಇವೆ ಎಂದು ಕಿವಿಗೊಡುವ ಹಾಗಾದರು. ಆದರೆ ಬಾಯಿಯಲ್ಲಿ ಬೈಗುಳ ಮಾತ್ರ ಹಾಗೇ ಇತ್ತು.

ದೀಪಿಕಾಳ ರಿಹರ್ಸಲ್ ನಡೆಯುತ್ತಿತ್ತು. ಸರ್ವಮಂಗಳಮ್ಮ ಗೋಡೆಗೊರಗಿ ಕೂತು ಕಾಯುತ್ತಿದ್ದರು, ಒಂದು ದಿನ ಸಿಕ್ಕಿತು. ವಚನದ ಕೊನೆಯ ಕಾರ್ಡಿನಲ್ಲಿ ಗ ಹಾಡಬೇಕಾದ ಪ್ರೇಮಲತಾಳ ಗುಂಪು ಪಕ್ಕದವರ ಜೊತೆ ಜಾರಿ ಸ ಮೇಲೆ ಬಂದು ಕೂತಿತ್ತು.

"ನಿಲ್ಸಿ. ಗಾಂಧಾರ ಎಲ್ಲಿ ಹೋಯ್ತಮ್ಮ? ಈ ಕಾರ್ಡಿಗೆ ಮುಖ ಇಲ್ಲ" ಎಂದರು, ಎಲ್ಲರಿಗೂ ಕೇಳುವಂತೆ.

ದೀಪಿಕಾಳ ಮುಖ ಸಣ್ಣಗಾಗಬೇಕಿತ್ತು. ಅದು ಅರಳಿತು. "ಆಂಟಿ, ನಿಮಗೆ ಕೇಳಿಸ್ತಾ? ಇಲ್ಲಿ ಯಾರಿಗೂ ಕೇಳಿಸಲ್ಲ ಆಂಟಿ. ಪ್ಲೀಸ್, ಆ ಗ ನೀವೇ ಹಾಡಿ." ಇಷ್ಟು ವರ್ಷ ಮುಂದಿದ್ದವರು ಎರಡನೇ ಸಾಲಿಗೆ ಹೋಗುವುದೆ? ಆದರೂ ತೋರಿಸಿಕೊಡುವ ಆಸೆ ದೊಡ್ಡದು. ಎದ್ದು ಹೋಗಿ ನಿಂತು, ಕೊನೆಯ ಕಾರ್ಡಿನಲ್ಲಿ ಗ ಹಿಡಿದರು, ಕೂದಲೆಳೆಯಷ್ಟೂ ತಪ್ಪದೆ. ಮರುಕ್ಷಣ ರಾಗದವರು ಸ ಬಿಟ್ಟರು, ಕೆಳಗಿನವರು ಪ ಬಿಟ್ಟರು, ಮಂಡಳಿಗೆ ಮಂಡಳಿಯೇ ಬಂದು ಅಮ್ಮನ ಗಾಂಧಾರದ ಮೇಲೆ ಕೂತಿತು. ಕರಗಿ ಕರಗಿ ಅಭ್ಯಾಸ. ದೀಪಿಕಾ ಅಮ್ಮನನ್ನು ಹಿಂದೆ ನಿಲ್ಲಿಸಿ ನೋಡಿದಳು, ಬಾಗಿಲ ಹತ್ತಿರ ನಿಲ್ಲಿಸಿ ನೋಡಿದಳು. ಎಲ್ಲಿ ನಿಂತರೂ ಹೆಂಗಸರ ಕಿವಿ ಅಮ್ಮನನ್ನು ಹುಡುಕಿಕೊಂಡು ಹೋಗುತ್ತಿತ್ತು. ಕೊನೆಗೆ ತಲೆ ತಗ್ಗಿಸಿ ಕೇಳಿದಳು, "ಆಂಟಿ, ಆ ದಿನ ಇದೊಂದು ಹಾಡಿಗೆ ನೀವು ಬರೀ ತಾಳ ಹಾಕ್ತೀರಾ?"

ಅವಮಾನವೇ. ಆದರೆ ಸರ್ವಮಂಗಳಮ್ಮ ಅದನ್ನೂ ಗೆಲುವೆಂದೇ ಎಣಿಸಿದರು. "ನೋಡ್ದೇನೇ ಪ್ರೇಮಾ, ನಾನು ಬಾಯಿ ತೆಗೆದ್ರೆ ಅವಳ ವೆಸ್ಟರ್ನು ನಿಲ್ಲಲ್ಲ. ಕಂಠ ದಣಿದಿದ್ಯಂತೆ, ಟೈಲ್ಸ್ ಅಂಗಡಿಯೋನು ಹೇಳಿದ್ದು" ಎಂದು ದಾರಿಯುದ್ದಕ್ಕೂ ನಕ್ಕರು.

ಜಯಂತಿಯ ದಿನ ತುಮಕೂರಿನ ಸಮುದಾಯ ಭವನದಲ್ಲಿ ಫ್ಯಾನುಗಳ ಸದ್ದು, ಊಟದ ಹಾಲ್‌ನಿಂದ ಪಾತ್ರೆಗಳ ಸದ್ದು. ಸರ್ವಮಂಗಳಮ್ಮ ಕೊನೆಯಲ್ಲಿ ಕೂತು ತಾಳ ಹಾಕಿದರು, ತುಟಿ ಬಿಗಿದುಕೊಂಡು. ವಚನ ಚೆನ್ನಾಗಿಯೇ ಹೋಯಿತು. ಕೊನೆಯ ಕಾರ್ಡು ಬಂತು. ಪ್ರೇಮಲತಾಳ ಗುಂಪು ಮತ್ತೆ ಜಾರಿತು, ಗ ಖಾಲಿ. ಆ ಖಾಲಿ ಜಾಗ ಅಷ್ಟು ದೊಡ್ಡ ಭವನದಲ್ಲಿ ಇಬ್ಬರಿಗೆ ಮಾತ್ರ ಕೇಳಿಸಿತು. ಸರ್ವಮಂಗಳಮ್ಮನಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದು ಗ ಇಟ್ಟರು. ಮಿಕ್ಕವರೆಲ್ಲ ಇದ್ದಬದ್ದದ್ದನ್ನು ಬಿಟ್ಟು ಅಲ್ಲಿಗೇ ಓಡಿ ಬಂದರು.

ಜನ ಚಪ್ಪಾಳೆ ತಟ್ಟಿದರು. ಕಿರಣ್‌ಕುಮಾರ್ ಮೈಕ್ ತಟ್ಟಿ, "ಕೊನೇಲಿ ಎಲ್ಲರ ದನಿ ಒಂದೇ ಆಯ್ತಲ್ಲ, ಅದೇ ಹಾರ್ಮನಿ" ಎಂದು ಸಭೆಗೆ ತಿಳಿಸಿ, ಅಮ್ಮನಿಗೊಂದು ಶಾಲು ಹೊದಿಸಿದ. ಇಷ್ಟು ವರ್ಷ ನನ್ನನ್ನು ಹೊಗಳಿದ್ದು ಇದೇ ಕಿವಿಗಳಾ ಎಂಬ ಯೋಚನೆ ಸರ್ವಮಂಗಳಮ್ಮನ ತಲೆಯಲ್ಲಿ ಹಾದುಹೋಯಿತು. ಅದನ್ನು ಬೇಗ ಬೇಗ ಆಚೆಗೆ ತಳ್ಳಿದರು. ದೀಪಿಕಾ ಕೀಬೋರ್ಡನ್ನು ಕವರಿಗೆ ತುಂಬುತ್ತಿದ್ದಳು.

ವಾಪಸ್ ಬರುವಾಗ ಟೆಂಪೊ ಟ್ರಾವೆಲರ್‌ನಲ್ಲಿ ಹೆಂಗಸರಿಗೆ ಹಬ್ಬ. ಹೆಬ್ಬೂರು ದಾಟಿದ ಮೇಲೆ ಪ್ರೇಮಲತಾ, "ಮಂಗಳಕ್ಕ, ನಮ್ಮ ಹಳೇದೊಂದು ಹೇಳಿ, ಬಾಯಿ ಸೊಟ್ಟಗಾಗಿದೆ" ಎಂದರು. ಸರ್ವಮಂಗಳಮ್ಮ ತೊಡೆಯ ಮೇಲೆ ಮೊಬೈಲಿಟ್ಟು ಶ್ರುತಿ ಹಾಕಿ ಶುರು ಮಾಡಿದರು. ಎಲ್ಲರೂ ಹಿಂದೆ ಬಂದರು. ಹಾಡು ಏರುತ್ತ ಏರುತ್ತ ಮೇಲಿನ ಸ ತಲುಪಿತು. ಅಷ್ಟೂ ಗಂಟಲು ಒಂದೇ ಕಡೆ ಹೋಗಿ ಕೂತವು.

ಒಂದು ಬಿಟ್ಟು. ಕೊನೆಯ ಸೀಟಿನಲ್ಲಿ ದೀಪಿಕಾ ಕಿಟಕಿಗೆ ತಲೆಯಾನಿಸಿ, ಕಣ್ಣು ಮುಚ್ಚಿ, ಸುಸ್ತಿನಲ್ಲಿ ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು. ಬೇಕೆಂದು ಮಾಡಿದ್ದಲ್ಲ. ಅವಳ ತೆಳು ದನಿ ಮಿಕ್ಕವರ ದನಿಗಿಂತ ಒಂದು ಚೂರು ಮೇಲೆ ನಿಂತಿತ್ತು. ಮೊದಲಿನ ಕಿವಿಯಾಗಿದ್ದರೆ ಸರ್ವಮಂಗಳಮ್ಮನಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಈಗ ಕೇಳಿಸಿತು. ಹುಡುಗಿ ತಪ್ಪುತ್ತಿದ್ದಾಳೆ ಎಂದುಕೊಂಡು, ಸ್ವರ ಎಳೆಯುತ್ತಲೇ ಮೊಬೈಲನ್ನು ಕಿವಿಗಿಟ್ಟುಕೊಂಡರು. ಶ್ರುತಿ ಆ ಹುಡುಗಿಯ ಜೊತೆಗಿತ್ತು.

ಅಂದರೆ ಶ್ರುತಿಯಿಂದ ಕೆಳಗಿಳಿದಿದ್ದು ತಾನು. ಯಾವತ್ತಿನಿಂದಲೋ ಏನೋ. ತನ್ನ ಜೊತೆ ಎಲ್ಲರೂ ಇಳಿದಿದ್ದರು, ಎಲ್ಲರೂ ಇಳಿದಿದ್ದರಿಂದ ಯಾರೂ ಇಳಿದ ಹಾಗೆ ಕಾಣಲಿಲ್ಲ. ಟೈಲ್ಸ್ ಅಂಗಡಿಯ ಆ ಕಿವುಡ ಯಾವುದೋ ಲೆಕ್ಕದಲ್ಲಿ ಹೇಳಿದ ಮಾತು ನಿಜವಾಗಿತ್ತು, ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

"ಏ ದೀಪಿಕಾ, ಎಲ್ಲೋ ಹೋಗ್ತಿದೀಯಲ್ಲೇ, ಅಮ್ಮನ ಜೊತೆ ಸೇರ್ಸು" ಎಂದರು ಪ್ರೇಮಲತಾ.

ದೀಪಿಕಾ ಬೆಚ್ಚಿ ಕಣ್ಣು ಬಿಟ್ಟು, "ಸಾರಿ ಆಂಟಿ" ಎಂದು, ಮರುಸಾಲಿನ ಸ ಅನ್ನು ಇಳಿಸಿ ಅವರ ಜೊತೆ ಸೇರಿಸಿಬಿಟ್ಟಳು. ಎಲ್ಲ ಮತ್ತೆ ಸರಿಹೋಯಿತು. ಒಂದು ಚೂರೂ ಆಚೀಚೆ ಇಲ್ಲ. ಸರ್ವಮಂಗಳಮ್ಮ ಹಾಡುತ್ತಿದ್ದ ಸಾಲನ್ನು ಅರ್ಧಕ್ಕೇ ಬಿಟ್ಟರು, ತಾಳ ನಿಲ್ಲಿಸಿದರು.

"ಇಳೀಬೇಡ ಕಣೇ. ನೀನು ಇದ್ದ ಜಾಗವೇ ಸರಿ. ಅದನ್ನ ಇನ್ನೊಂದ್ಸಲ ಹೇಳು, ನೀನೊಬ್ಬಳೇ."

"ನೀವು, ಆಂಟಿ?"

"ನಾನು ಕೇಳ್ಬೇಕು."

ದೀಪಿಕಾ ಹೆದರುತ್ತಲೇ ಹಾಡಿದಳು. ಮೇಲಿನ ಸ ಬಂತು, ನಿಂತಿತು. ಹೆಂಗಸರು ಹಿಂದೆ ಹೇಳಲು ಉಸಿರೆಳೆದುಕೊಂಡು ಅಮ್ಮನ ಕಡೆ ನೋಡಿದರು. ಅಮ್ಮ ಬಾಯಿ ಮುಚ್ಚಿಕೊಂಡಿದ್ದರು. ಅದನ್ನು ನೋಡಿ ಎಲ್ಲರೂ ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡರು.