ನನ್ನ ಕೆಂಪು ಕಾರು, ಅವನ ಬ್ರೇಕು

ಟಿಳಕವಾಡಿಯಲ್ಲಿ ನನ್ನದು ಬೋರ್ಡು ಬರೆಯುವ ಅಂಗಡಿ. ಖಾನಾಪುರದಲ್ಲಿ ಹೆಂಚಿನ ಭಟ್ಟಿ ನಡೆಸುವ ನನ್ನ ಹೆಂಡತಿಯ ತಮ್ಮ ಗುಜರಿಯ ಕಾರೊಂದನ್ನು ಕೊಂಡು, ಛಾವಣಿ ಕತ್ತರಿಸಿ, ದೊಡ್ಡ ಎಂಜಿನ್ ಕೂರಿಸಿ ಹಾಟ್ ರಾಡ್ ಮಾಡುತ್ತೇನೆಂದ ದಿನವೇ ನನಗೂ ಒಂದು ಬೇಕೆನಿಸಿತು. ಕಾರಿನ ಹುಚ್ಚೇನೂ ನನಗಿರಲಿಲ್ಲ. ಅವನಲ್ಲಿರುವುದು ನನ್ನಲ್ಲಿಲ್ಲವೆಂಬ ಉರಿ ಇತ್ತು.

ನಾನೂ ಒಂದು ಹಳೆಯ ಕಾರು ಕೊಂಡೆ. ಇಬ್ಬರ ಕಾರೂ ಪೀರನವಾಡಿಯ ಒಬ್ಬರೇ ಮಿಸ್ತ್ರಿಯ ಗ್ಯಾರೇಜಿಗೆ ಬಂದವು. ವಯಸ್ಸಾದ ಅವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ಬೋರ್ಡು ಬರೆಯುವವನಿಗೆ ಮೊದಲು ಕಾಣುವುದು ಬಣ್ಣವೇ. ಕೆಂಪು ಬಣ್ಣ, ಅಗಲ ಚಕ್ರ, ಚರ್ಮದ ಸೀಟು ಎಂದೆ.

ಚಾಚಾ ಕೈ ಒರೆಸಿಕೊಳ್ಳುತ್ತ, "ಮದಲ ಬ್ರೇಕ್ ಹೊಸಾವು ಹಾಕಸ್ರಿ. ಬಣ್ಣ ಎಲ್ಲಿ ಓಡಿ ಹೋಗತೈತ್ರಿ?" ಅಂದರು.

"ಇರೂ ಬ್ರೇಕ್ ಸಾಕ್ರಿ," ಅಂದೆ.

ಹೆಂಡತಿಯ ತಮ್ಮ ಕೈಯಲ್ಲಿದ್ದ ದುಡ್ಡನ್ನೆಲ್ಲ ಎಂಜಿನ್, ಬ್ರೇಕು, ಸ್ಟೇರಿಂಗಿಗೇ ಸುರಿದ. ಸೀಟಿನ ಜಾಗದಲ್ಲಿ ಹಲಗೆ, ಮೈಗೆ ಬಣ್ಣಕ್ಕೆ ಮೊದಲು ಬಳಿಯುವ ಬೂದು ಪ್ರೈಮರ್ ಅಷ್ಟೇ. ನೋಡಿ ಒಳಗೊಳಗೇ ಖುಷಿಪಟ್ಟೆ.

ಒಂದು ಭಾನುವಾರ ಎರಡೂ ಕಾರು ಖಾನಾಪುರಕ್ಕೆ ಹೊರಟವು. ಹೆಂಡತಿ ನನ್ನ ಪಕ್ಕದಲ್ಲಿದ್ದಳು. ದಾರಿಯ ಚಹಾದಂಗಡಿಯಲ್ಲಿ ಜನ ನನ್ನ ಕಾರನ್ನು ಮುತ್ತಿ ಫೋಟೋ ತೆಗೆದುಕೊಂಡರು. ಅಷ್ಟರಲ್ಲಿ ಅವನು ಎಂಜಿನ್ ಚಾಲೂ ಮಾಡಿದ. ಆ ದನಿಗೆ ನನ್ನ ಸುತ್ತಲಿದ್ದವರೆಲ್ಲ ಅತ್ತ ಸರಿದರು.

"ನಮ್ಮ ತಮ್ಮ ಮಾಡಿದ್ದು ಖರೇನ ಛಲೋ ಆಗೇತಿ ನೋಡ್ರಿ," ಅಂದಳು ಹೆಂಡತಿ.

ಅವನಿಗಿಂತ ಮುಂದೆ ಹೋಗಲೇಬೇಕೆಂದು ಜೋರಾಗಿ ಓಡಿಸಿ ಅವನನ್ನು ಹಿಂದೆ ಹಾಕಿದೆ. ತಿರುವಿನಲ್ಲಿ ಎಮ್ಮೆಗಳು ರಸ್ತೆ ದಾಟುತ್ತಿದ್ದವು. ಬ್ರೇಕ್ ತುಳಿದರೆ ಪೆಡಲ್ ತಳ ಮುಟ್ಟಿತೇ ಹೊರತು ಕಾರು ನಿಲ್ಲಲಿಲ್ಲ. ಎಡಕ್ಕೆಳೆದು ಮಣ್ಣಿನ ದಿಬ್ಬಕ್ಕೆ ಗುದ್ದಿದೆ. ನಮಗೆ ಪೆಟ್ಟಾಗಲಿಲ್ಲ, ಕಾರಿನ ಮುಸುಡಿ ನುಜ್ಜಾಯಿತು.

ಹಿಂದೆ ಬರುತ್ತಿದ್ದ ಅವನ ಕಾರು ನೆಟ್ಟಗೆ ನಿಂತಿತು. ಹೆಂಡತಿ ಇಳಿದು, ನೇರ ಹೋಗಿ ಅವನ ಹಲಗೆಯ ಮೇಲೆ ಕೂತಳು. ಕಾರು ಹಾಳಾದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

"ಮಾಮಾ, ನೀರ ಕುಡೀರಿ," ಎಂದು ಅವನು ಬಾಟಲಿ ಕೊಟ್ಟ. ಬೈಯಲಿಲ್ಲ, ನಗಲೂ ಇಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮುಂದಿನ ವಾರ ಸೀಟು, ಚಕ್ರ ಮಾರಿ ಬ್ರೇಕು ತಂದೆ. ಕೂರಿಸುವ ದಿನ ಅವನೂ ಬಂದು ಚಾಚಾರ ಜೊತೆ ನನ್ನ ಕಾರಿನಡಿ ಮಲಗಿದ. ಅವನ ಕೈ ಅಷ್ಟು ಪಳಗಿದ್ದನ್ನು ನೋಡಿ ಮತ್ತೆ ಸಂಕಟವಾಯಿತು. ಉಪಕಾರವಾಯಿತೆಂದು ಹೇಳಲು ನಾಲಿಗೆ ಏಳಲಿಲ್ಲ.

"ಚಹಾ ತರ್ಲೇನ?" ಅಂದೆ.

"ಸಕ್ಕರಿ ಕಡಿಮಿ," ಅಂದ, ಕೆಳಗಿನಿಂದಲೇ.